ಸುಂಟರಗಾಳಿ ಬರಲ್ಲ ಅಂದುಕೊಂಡ ಊರುಗಳಿಗೂ ಅದು ಬರುತ್ತದೆ

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿ ಏಳುತ್ತವೆ. ಟೆಕ್ಸಾಸ್, ಓಕ್ಲಹೋಮ, ಕಾನ್ಸಾಸ್ ಬಯಲಿಗೆ 'ಟೊರ್ನಾಡೊ ಆಲಿ' ಅಂತಲೇ ಹೆಸರು. ಮೆಕ್ಸಿಕೋ ಕೊಲ್ಲಿಯಿಂದ ಬರುವ ಬಿಸಿ, ತೇವದ ಗಾಳಿಯೂ ರಾಕಿ ಪರ್ವತದ ಕಡೆಯ ಒಣಗಾಳಿಯೂ ಅಲ್ಲಿ ಎದುರಾಗುತ್ತವೆ. ಈಶಾನ್ಯದ ಮ್ಯಾಸಚೂಸೆಟ್ಸ್‌ನಲ್ಲಿ ವರ್ಷಕ್ಕೆ ಬರುವುದು ಬೆರಳೆಣಿಕೆಯಷ್ಟು, ಅದೂ ಹೆಚ್ಚಾಗಿ ಸಣ್ಣವು. ಹಾಗಾದರೆ ಅಲ್ಲಿ ಭಯವಿಲ್ಲ ಅಲ್ವಾ? ಈ ಲೆಕ್ಕವನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಕಥೆ ನೋಡಬೇಕು.

1880ರ ದಶಕದಿಂದ ಸುಮಾರು 1950ರವರೆಗೆ ಸರ್ಕಾರಿ ಮುನ್ಸೂಚನೆಯಲ್ಲಿ 'ಟೊರ್ನಾಡೊ' ಎಂಬ ಪದವನ್ನೇ ಬಳಸುತ್ತಿರಲಿಲ್ಲ. ಜನ ಗಾಬರಿಯಾಗುತ್ತಾರೆ ಎಂಬ ಅಳುಕು. 1948ರಲ್ಲಿ ಓಕ್ಲಹೋಮದ ಟಿಂಕರ್ ವಾಯುನೆಲೆಯ ಇಬ್ಬರು ಸೇನಾ ಅಧಿಕಾರಿಗಳು ಮೊದಲ ಬಾರಿ ಸುಂಟರಗಾಳಿಯನ್ನು ಮೊದಲೇ ಹೇಳಿದರು, ಅದು ನಿಜವೂ ಆಯಿತು. ನಂತರ ಆ ಬಿಗಿ ಸಡಿಲವಾಯಿತು.

ಆದರೆ ಅಳುಕು ಪೂರ್ತಿ ಹೋಗಿರಲಿಲ್ಲ. 1953ರ ಜೂನ್ 8ರಂದು ಮಿಷಿಗನ್‌ನ ಫ್ಲಿಂಟ್‌ನಲ್ಲಿ 116 ಜನ ಸತ್ತರು. ಅದೇ ಹವೆ ಮರುದಿನ ಪೂರ್ವಕ್ಕೆ ಸರಿದು ಮ್ಯಾಸಚೂಸೆಟ್ಸ್‌ಗೆ ಬಂತು. ಬಾಸ್ಟನ್‌ನ ಹವಾಮಾನ ಕಚೇರಿಯಲ್ಲಿ ಸುಂಟರಗಾಳಿಯ ಮಾತು ಬಂದಿತ್ತು, ಆದರೆ ಈ ಭಾಗದಲ್ಲಿ ಅಷ್ಟು ಅಪರೂಪದ್ದನ್ನು ಹೇಳಿ ಜನರನ್ನು ಹೆದರಿಸುವುದು ಬೇಡವೆಂದು ಜೋರಾದ ಗುಡುಗು ಮಳೆಯ ಎಚ್ಚರಿಕೆಯಷ್ಟೇ ಹೊರಟಿತು. ಸಂಜೆ ಪೀಟರ್‌ಶಾಮ್ ಬಳಿ ನೆಲ ಮುಟ್ಟಿದ ಗಾಳಿ ಒಂದು ಗಂಟೆಗೂ ಹೆಚ್ಚು ಹೊತ್ತು, ಸುಮಾರು 75 ಕಿ.ಮೀ. ಸಾಗಿತು. ಹಾದಿಯಲ್ಲಿ ವೂಸ್ಟರ್ ನಗರವಿತ್ತು. ಕೆಲಸ ಮುಗಿಸಿ ಜನ ಮನೆಗೆ ಮರಳುವ ಹೊತ್ತದು. ಅಸಂಪ್ಶನ್ ಕಾಲೇಜು ಪುಡಿಯಾಯಿತು, ಮನೆಗಳ ಚೂರುಗಳು ಬಾಸ್ಟನ್ ಪಕ್ಕದ ಬ್ಲೂ ಹಿಲ್ ವೀಕ್ಷಣಾಲಯದ ತನಕ ಹಾರಿಬಂದವು. ಸತ್ತವರು 94 ಜನ. ಇಲ್ಲಿ ಇಂಥದ್ದು ಬರುವುದೇ ಇಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಅಂದರೆ, ನೆವಾಡಾದ ಅಣುಬಾಂಬ್ ಪರೀಕ್ಷೆಯಿಂದಲೇ ಹೀಗಾಯಿತೇ ಎಂದು ಸಂಸತ್ತಿನಲ್ಲೂ ಕೇಳಿದರು. ವಿಜ್ಞಾನಿಗಳು ಅಲ್ಲ ಎಂದರು.

ಮುಂದೆ ರೇಡಾರ್ ಜಾಲ ಬಂತು, ಆಕಾಶ ನೋಡಿ ಸುದ್ದಿ ಕೊಡುವ ಸ್ವಯಂಸೇವಕರು ಬಂದರು. 2011ರ ಜೂನ್ 1ರಂದು ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ಗೆ ದೊಡ್ಡ ಸುಂಟರಗಾಳಿ ನುಗ್ಗಿತು. ಅದು ಕನೆಕ್ಟಿಕಟ್ ನದಿ ದಾಟಿದ್ದನ್ನು ಜನ ಟಿವಿಯಲ್ಲಿ ನೇರವಾಗಿ ನೋಡಿದರು. ಸತ್ತವರು ಮೂವರು. ಎರಡೂ ಗಾಳಿಗಳ ಬಲ ಒಂದೇ ಅಲ್ಲ, ಆದರೂ ಎಚ್ಚರಿಕೆ ಸಿಕ್ಕಿದ್ದು ದೊಡ್ಡ ವ್ಯತ್ಯಾಸ ಅಂತ ನನಗನ್ನಿಸುತ್ತದೆ.

ಈಗ ಸುಂಟರಗಾಳಿ ಹೆಚ್ಚು ಬರುವ ಪ್ರದೇಶವೇ ಪೂರ್ವಕ್ಕೆ ಸರಿಯುತ್ತಿದೆ ಎಂಬ ಮಾತಿದೆ. 1979ರಿಂದಿನ ದಾಖಲೆ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಟೆಕ್ಸಾಸ್ ಕಡೆ ಸುಂಟರಗಾಳಿಗೆ ಹೊಂದುವ ಹವೆ ಕಡಿಮೆಯಾಗಿ ಮಿಸಿಸಿಪ್ಪಿ, ಅಲಬಾಮಾ, ಟೆನೆಸಿ, ಕೆಂಟಕಿಗಳಲ್ಲಿ ಹೆಚ್ಚುತ್ತಿದೆ. ಸುಮ್ನೆ ಎಣಿಕೆ ನೋಡಿದರೆ ಇದು ತಿಳಿಯುವುದಿಲ್ಲ, ಯಾಕೆಂದರೆ ಮೊದಲು ಕಣ್ಣಿಗೆ ಬೀಳದೆ ಹೋಗುತ್ತಿದ್ದ ಸಣ್ಣ ಸುಂಟರಗಾಳಿಗಳೂ ಈಗ ಲೆಕ್ಕಕ್ಕೆ ಸಿಗುತ್ತವೆ. ಈ ಆಗ್ನೇಯ ರಾಜ್ಯಗಳಲ್ಲಿ ಕಾಡು, ಗುಡ್ಡ ಜಾಸ್ತಿ, ಗಾಳಿ ಬರುವುದು ದೂರದಿಂದ ಕಾಣುವುದಿಲ್ಲ. ರಾತ್ರಿ ಹೊತ್ತು ಬೀಸುವುದೂ ಹೆಚ್ಚು. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಊರು ಹಾಳಾದದ್ದು ಹಾಗೆಯೇ. ಅಡಿಪಾಯಕ್ಕೆ ಸರಿಯಾಗಿ ಬಿಗಿಯದ ಮೊಬೈಲ್ ಮನೆಗಳಲ್ಲಿ (ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಹಗುರ ಮನೆಗಳು) ಇರುವವರೂ ಅಲ್ಲಿ ಬಹಳ. ಫೋನಿಗೆ ಎಚ್ಚರಿಕೆ ಬಂದರೂ ನಡುರಾತ್ರಿ ಓಡಿ ಸೇರಲು ಹತ್ತಿರದಲ್ಲಿ ಗಟ್ಟಿಯಾದ ಕಟ್ಟಡ ಬೇಕಲ್ಲ.