ಹಬ್ಬದ ಮೈಕ್ ಯಾರ ಕೈಯಲ್ಲಿ?

ಹೋದ ಕ್ರಿಸ್ಮಸ್ ದಿನ ಬೀದರಿನ ಒಂದು ಚರ್ಚಿನಲ್ಲಿ ಕೂತಿದ್ದೆ. ಗೇಟಿನ ಮುಂದೆ ದೊಡ್ಡ ಫ್ಲೆಕ್ಸ್. ಮೇಲೆ ಪಕ್ಷದ ದೊಡ್ಡವರು, ನಡುವೆ ಕೈಮುಗಿದ ಸ್ಥಳೀಯ ನಾಯಕರು, ಕೆಳಗೆ ಪಾಸ್‌ಪೋರ್ಟ್ ಸೈಜಿನಲ್ಲಿ ಯುವ ಮುಖಂಡರು. ಬಾಲಯೇಸುವಿಗೆ ಮೂಲೆಯಲ್ಲಿ ಒಂದು ಗೇಣು ಜಾಗ ಸಿಕ್ಕಿತ್ತು. ಅದರಲ್ಲೂ ಅರ್ಧದ ಮೇಲೆ ಫ್ಲೆಕ್ಸ್ ಅಂಗಡಿಯ ಫೋನ್ ನಂಬರ್.

ಆರಾಧನೆ ಶುರುವಾಗಿ ಒಂದು ಗಂಟೆ ಆಗಿತ್ತು. ಪಾಸ್ಟರ್ ಪ್ರಸಂಗದಲ್ಲಿ, ಯೇಸು ಹುಟ್ಟಿದ ಸುದ್ದಿ ಕೇಳಿ ಬೆತ್ಲೆಹೇಮಿಗೆ ಹೊರಟ ಕುರುಬರ ತನಕ ಬಂದಿದ್ದರು. ಅಷ್ಟರಲ್ಲಿ ಹೊರಗೆ ಕಾರುಗಳ ಸದ್ದು. ಕಮಿಟಿಯ ಹಿರಿಯರೊಬ್ಬರು ವೇದಿಕೆ ಹತ್ತಿ ಪಾಸ್ಟರ್ ಕಿವಿಯಲ್ಲಿ ಏನೋ ಹೇಳಿದರು. ಪ್ರಸಂಗ ಅಲ್ಲೇ ನಿಂತಿತು. ಶಾಲು, ಹಾರ, ಪೇಟ ಎಲ್ಲಾ ಆಯಿತು. ಬಂದವರು ಮೈಕ್ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದರು. ಯೇಸುವಿನ ಹೆಸರು ಎರಡು ಸಲ ಬಂತು, ಸಿಸಿ ರಸ್ತೆಯದ್ದು ಅದಕ್ಕಿಂತ ಜಾಸ್ತಿ. ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ ಕೇಳಿದರು, "ತಮ್ಮಾ, ಪ್ರಸಂಗ ಮುಗೀತೇನು?"

ಮುಗಿದಿತ್ತು. ಕುರುಬರು ಬೆತ್ಲೆಹೇಮಿಗೆ ಹೋಗಿ ಮುಟ್ಟಲೇ ಇಲ್ಲ.

ಹೊರಗೆ ಚಹಾ ಕುಡಿಯುವಾಗ ಎಲ್ಲರೂ ಗೊಣಗಿದರು. ಎದುರು ಹೇಳಿದವರು ಒಬ್ಬರೂ ಇಲ್ಲ, ನಾನೂ ಸೇರಿ. ಅಲ್ಲಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಹಬ್ಬವನ್ನು ರಾಜಕೀಯದವರು ತಮ್ಮ ಕೆಲಸಕ್ಕೆ ಬಳಸಿಕೊಂಡಾಗ ಕ್ರೈಸ್ತರು ಅದು ತಪ್ಪು ಅಂತ ಬಾಯಿಬಿಟ್ಟು ಹೇಳಬೇಕಾ?

ಪ್ರಶ್ನೆ ಹೊಸದಲ್ಲ. ಬೈಬಲಿನಲ್ಲೇ ಇದೆ. ಅರಸುಗಳ ಮೊದಲನೆಯ ಪುಸ್ತಕದ 12ನೇ ಅಧ್ಯಾಯ ತೆಗೆದು ನೋಡಿ. ಸೊಲೊಮೋನನ ರಾಜ್ಯ ಎರಡು ಹೋಳಾಗಿದೆ. ಉತ್ತರದ ಅರಸ ಯಾರೊಬ್ಬಾಮನಿಗೆ ಒಂದೇ ಚಿಂತೆ. ಜನ ಹಬ್ಬಕ್ಕೆ ಅಂತ ಯೆರೂಸಲೇಮಿಗೆ ಹೋದರೆ ಮನಸ್ಸು ಅಲ್ಲಿನ ಅರಸನ ಕಡೆ ತಿರುಗುತ್ತದೆ, ತನ್ನ ಕುರ್ಚಿ ಹೋಗುತ್ತದೆ. ಅದಕ್ಕೆ ಬೇತೇಲಿನಲ್ಲಿ ಚಿನ್ನದ ಕರು ನಿಲ್ಲಿಸಿದ. ಏಳನೇ ತಿಂಗಳ ಹಬ್ಬಕ್ಕೆ ಬದಲು ಎಂಟನೇ ತಿಂಗಳ 15ನೇ ದಿನ ತನ್ನದೇ ಒಂದು ಹಬ್ಬ ಮಾಡಿದ. ಆ ತಿಂಗಳನ್ನು ಅವನು ತನ್ನ ಮನಸ್ಸಿಗೆ ಬಂದಂತೆ ಗೊತ್ತು ಮಾಡಿಕೊಂಡ ಅಂತ ಬರೆದವರು ಒಂದು ಏಟು ಕೊಟ್ಟೇ ಮುಂದೆ ಹೋಗುತ್ತಾರೆ. ಮುಂದಿನ ಅಧ್ಯಾಯದಲ್ಲಿ ದಕ್ಷಿಣದ ಯೆಹೂದ ರಾಜ್ಯದಿಂದ ದೇವರ ಮನುಷ್ಯನೊಬ್ಬ ಬಂದು ಬೇತೇಲಿನ ಬಲಿಪೀಠದ ಎದುರು ನಿಂತು ಇದು ನಡೆಯೋದಿಲ್ಲ ಅನ್ನುತ್ತಾನೆ.

ಅದೇ ಬೇತೇಲಿಗೆ ಎಷ್ಟೋ ತಲೆಮಾರಿನ ನಂತರ ಪ್ರವಾದಿ ಆಮೋಸ ಬಂದ. ಕುರಿ ಕಾಯುವವನು, ಅತ್ತಿಹಣ್ಣು ಕೀಳುವವನು. ಬಡವರನ್ನು ತುಳಿಯುತ್ತಾ ಮಾಡುವ ನಿಮ್ಮ ಹಬ್ಬಗಳು ದೇವರಿಗೆ ಹೇಸಿಗೆ ಅಂದ. ಅಲ್ಲಿನ ಪೂಜಾರಿ ಅಮಚ್ಯ ಅವನನ್ನು ಊರು ಬಿಡು ಅಂತ ಗದರಿದ. ಕೊಟ್ಟ ಕಾರಣ, ಇದು ಅರಸನ ಪವಿತ್ರ ಸ್ಥಳ. ದೇವರದ್ದು ಅನ್ನಲಿಲ್ಲ, ಅರಸನದು ಅಂದ! ನಮ್ಮ ಕಮಿಟಿಗಳು ಓದಬೇಕಾದ ಅಧ್ಯಾಯ ಅದು, ಆಮೋಸ 7.

ಸುವಾರ್ತೆಗಳಲ್ಲೂ ಹಬ್ಬದ ರಾಜಕೀಯ ಇದೆ. ಯೆಹೂದಿಗಳ ಪಸ್ಕ ಹಬ್ಬಕ್ಕೆ ಒಬ್ಬ ಸೆರೆಯಾಳನ್ನು ಬಿಡುವುದು ರೋಮಿನ ಅಧಿಪತಿ ಪಿಲಾತನ ವಾಡಿಕೆ. ಜನ ಖುಷಿ, ರೋಮಿಗೆ ಖರ್ಚಿಲ್ಲ. ಯೇಸುವಿನ ಬದಲು ಬರಬ್ಬ ಅನ್ನೋ ಕೈದಿ ಹೊರಗೆ ಬಂದದ್ದು ಹಬ್ಬದ ಕೊಡುಗೆಯಾಗಿ.

ಕ್ರೈಸ್ತರ ಕೈಗೇ ಅಧಿಕಾರ ಬಂದ ಮೇಲೆ ವಿಷಯ ಜಟಿಲವಾಯಿತು. ಕ್ರಿ.ಶ. 390ರಲ್ಲಿ ಥೆಸಲೋನಿಕ ಪಟ್ಟಣದಲ್ಲಿ ದೊಂಬಿ ಎದ್ದು ಒಬ್ಬ ಸೇನಾಧಿಕಾರಿ ಸತ್ತ. ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಸೇಡಿಗೆ ಸೈನಿಕರನ್ನು ಬಿಟ್ಟ. ಸುಮಾರು 7,000 ಜನ ಸತ್ತರು ಅನ್ನುತ್ತಾರೆ ಹಳೆಯ ಚರಿತ್ರೆಕಾರರು. ಮಿಲಾನಿನ ಬಿಷಪ್ ಆಂಬ್ರೋಸ್ ಬೀದಿಯಲ್ಲಿ ಕೂಗಾಡಲಿಲ್ಲ. ಚಕ್ರವರ್ತಿ ಒಬ್ಬನೇ ಓದಲಿ ಅಂತ ಕಾಗದ ಬರೆದರು. ಪಶ್ಚಾತ್ತಾಪ ಪಡುವ ತನಕ ನಿನ್ನ ಮುಂದೆ ಪ್ರಭು ಭೋಜನ, ಅಂದರೆ ಚರ್ಚಿನ ರೊಟ್ಟಿ-ದ್ರಾಕ್ಷಾರಸದ ಆರಾಧನೆ, ನಡೆಸಲಾರೆ ಅಂದರು. ಥಿಯೊಡೋಸಿಯಸ್ ರಾಜವಸ್ತ್ರ ಕಳಚಿಟ್ಟು ತಿಂಗಳುಗಟ್ಟಲೆ ಪ್ರಾಯಶ್ಚಿತ್ತ ಮಾಡಿದ. ಅವನನ್ನು ಮತ್ತೆ ಪ್ರಭು ಭೋಜನಕ್ಕೆ ಸೇರಿಸಿಕೊಂಡದ್ದು ಅದೇ ವರ್ಷದ ಕ್ರಿಸ್ಮಸ್‌ಗೆ.

ಎಲ್ಲಾ ಬಿಷಪರೂ ಆಂಬ್ರೋಸ್ ಆಗಲಿಲ್ಲ. 800ರ ಕ್ರಿಸ್ಮಸ್ ದಿನ ರೋಮಿನಲ್ಲಿ ಮೂರನೇ ಲಿಯೋ ಪೋಪರು ಫ್ರಾಂಕರ ಅರಸ ಶಾರ್ಲಮೇನ್ ತಲೆಗೆ ಕಿರೀಟ ಇಟ್ಟರು. 1066ರ ಕ್ರಿಸ್ಮಸ್ ದಿನವೇ ಇಂಗ್ಲೆಂಡ್ ಗೆದ್ದ ವಿಲಿಯಂ ಲಂಡನ್ನಿನಲ್ಲಿ ಪಟ್ಟ ಏರಿದ. ಒಳಗಿನ ಜೈಕಾರವನ್ನು ಗಲಾಟೆ ಅಂದುಕೊಂಡ ಅವನ ಕಾವಲುಗಾರರು ಹೊರಗಿನ ಮನೆಗಳಿಗೆ ಬೆಂಕಿ ಇಟ್ಟರು. ನಾಜಿಗಳಂತೂ ಕ್ರಿಸ್ಮಸ್ಸಿನಿಂದ ಯೆಹೂದಿ ಯೇಸುವನ್ನೇ ತೆಗೆದು ಚಳಿಗಾಲದ ಜರ್ಮನ್ ಹಬ್ಬ ಮಾಡಲು ನೋಡಿದರು.

ಎದುರು ಹೇಳಿದ್ದಕ್ಕೆ ನನಗೆ ಜಾಸ್ತಿ ಹಿಡಿಸುವ ಉದಾಹರಣೆ 1963ರದ್ದು. ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಜೊತೆಗಾರರು ಈಸ್ಟರ್ ವ್ಯಾಪಾರದ ಹೊತ್ತನ್ನೇ ಆರಿಸಿಕೊಂಡರು. ಕರಿಯರನ್ನು ದೂರ ಇಡುವ ಅಂಗಡಿಗಳಲ್ಲಿ ಹಬ್ಬದ ಬಟ್ಟೆ ಕೊಳ್ಳಬೇಡಿ ಅಂದರು. ಏಪ್ರಿಲ್ 12, ಶುಭ ಶುಕ್ರವಾರ, ಕಿಂಗ್ ಬಂಧನವಾಯಿತು. ಎಂಟು ಮಂದಿ ಬಿಳಿಯ ಧರ್ಮಗುರುಗಳು ಇದು ಸಮಯವಲ್ಲ, ಸ್ವಲ್ಪ ತಡೆಯಿರಿ ಅಂತ ಪತ್ರಿಕೆಗೆ ಬರೆದರು. ಅವರಿಗೆ ಉತ್ತರವಾಗಿ ಕಿಂಗ್ ಜೈಲಿನಿಂದ ಬರೆದದ್ದೇ ಆ ಪ್ರಸಿದ್ಧ ಪತ್ರ. "ಸ್ವಲ್ಪ ತಡೀರಿ" ಅನ್ನೋ ಮಾತು ನಮ್ಮ ಕಡೆಯ ಚರ್ಚುಗಳಲ್ಲೂ ದಿನಾ ಕೇಳುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. 2014ರಿಂದ ಡಿಸೆಂಬರ್ 25 ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಸುಶಾಸನ ದಿನ. ವಾಜಪೇಯಿ ಹುಟ್ಟಿದ ದಿನ ಅದೇ, ಅದು ಸುಳ್ಳಲ್ಲ. ಆ ದಿನಕ್ಕೆ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ ಅನ್ನೋ ಸುದ್ದಿ ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿತು. ಸ್ಪರ್ಧೆ ಆನ್‌ಲೈನ್, ರಜೆ ಇದ್ದೇ ಇದೆ ಅಂತ ಸರ್ಕಾರ ಹೇಳಿತು.

ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಏಪ್ರಿಲ್ 3ಕ್ಕೆ ಶುರುವಾಯಿತು. ಅದು ಶುಭ ಶುಕ್ರವಾರ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಆಗಿನ ಮುಖ್ಯ ನ್ಯಾಯಮೂರ್ತಿ, ನಮ್ಮ ಕರ್ನಾಟಕದವರೇ ಆದ ಎಚ್.ಎಲ್. ದತ್ತು ಅವರಿಗೆ ಕಾಗದ ಬರೆದರು. ದೀಪಾವಳಿ, ಈದ್ ದಿನ ಹೀಗೆ ಇಡುತ್ತೀರಾ ಅನ್ನೋದು ಅವರ ಪ್ರಶ್ನೆ. ಸಂಸ್ಥೆ ಮುಖ್ಯವೋ ವ್ಯಕ್ತಿ ಮುಖ್ಯವೋ ಅಂತ ದತ್ತು ಮರುಪ್ರಶ್ನೆ ಹಾಕಿದರು. ಜೋಸೆಫ್ ಪ್ರಧಾನಿಗೂ ಬರೆದು, ಏಪ್ರಿಲ್ 4ರ ಔತಣಕ್ಕೆ ಬರಲಾರೆ, ಮನೆಯವರ ಜೊತೆ ಇರುತ್ತೇನೆ ಅಂದರು. ಗಲಾಟೆ ಇಲ್ಲ, ಬೈಗುಳ ಇಲ್ಲ. ಊಟಕ್ಕೆ ಬರೋದಿಲ್ಲ, ಅಷ್ಟೇ.

ನಮ್ಮ ರಾಜ್ಯದಲ್ಲಿ ಮತಾಂತರ ತಡೆ ಮಸೂದೆ ಬೆಳಗಾವಿಯಲ್ಲಿ ವಿಧಾನಸಭೆ ದಾಟಿದ್ದು 2021ರ ಡಿಸೆಂಬರ್ 23ಕ್ಕೆ. ಕ್ರಿಸ್ಮಸ್‌ಗೆ ಎರಡೇ ದಿನ ಬಾಕಿ. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಆಗ ಬಹಿರಂಗವಾಗಿಯೇ ವಿರೋಧಿಸಿದರು.

2023ರ ಕ್ರಿಸ್ಮಸ್ ದಿನ ಪ್ರಧಾನಿ ತಮ್ಮ ಮನೆಗೆ ಕ್ರೈಸ್ತ ಮುಖಂಡರನ್ನು ಕರೆದರು. ಆ ವರ್ಷ ಮೇ ತಿಂಗಳಿಂದ ಮಣಿಪುರ ಜನಾಂಗೀಯ ಹಿಂಸೆಯಲ್ಲಿ ಉರಿಯುತ್ತಿತ್ತು, ಚರ್ಚುಗಳೂ ಸುಟ್ಟಿದ್ದವು. ಹೋದವರು ನಮ್ಮ ಹೆಸರಿನಲ್ಲಿ ಹೋಗಿಲ್ಲ ಅಂತ 3,000ಕ್ಕೂ ಹೆಚ್ಚು ಕ್ರೈಸ್ತರು ಹೇಳಿಕೆಗೆ ಸಹಿ ಹಾಕಿದರು. ಮರುವರ್ಷ ದೆಹಲಿಯಲ್ಲಿ ಕ್ಯಾಥೊಲಿಕ್ ಬಿಷಪರ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಪ್ರಧಾನಿ ಹೋದ ಹೊತ್ತಿನಲ್ಲೇ ಕೇರಳದ ಪಾಲಕ್ಕಾಡಿನ ಶಾಲೆಯೊಂದರಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಪುಡಿ ಮಾಡಿದ್ದರು. ತ್ರಿಶೂರಿನ ಆರ್ಥೊಡಾಕ್ಸ್ ಬಿಷಪ್ ಯೂಹಾನೋನ್ ಮೆಲೆಟಿಯಸ್, ಅಲ್ಲಿ ಗೋದಲಿಗೆ ವಂದನೆ, ಇಲ್ಲಿ ಗೋದಲಿ ಚೂರು ಅನ್ನೋ ಅರ್ಥದಲ್ಲಿ ಬರೆದು ಸುದ್ದಿಯಾದರು.

ಒಂದೇ ಪಕ್ಷದ ಕಥೆ ಇದಲ್ಲ ಮತ್ತೆ. ನಮಗೆ ಹತ್ತಿರದ ಹೈದರಾಬಾದಿನಲ್ಲಿ ತೆಲಂಗಾಣ ಸರ್ಕಾರ ಎಲ್‌ಬಿ ಸ್ಟೇಡಿಯಂನಲ್ಲಿ ಕ್ರಿಸ್ಮಸ್ ಊಟ ಹಾಕಿಸುತ್ತದೆ. ಹಿಂದಿನ ಮುಖ್ಯಮಂತ್ರಿ ಕೆಸಿಆರ್ ಕಾಲದಲ್ಲಿ ಬಡ ಕ್ರೈಸ್ತರಿಗೆ ಬಟ್ಟೆಯ ಪೊಟ್ಟಣವೂ ಇತ್ತು. ಸರ್ಕಾರ ಬದಲಾದರೂ ಊಟ ನಿಲ್ಲಲಿಲ್ಲ. ಊಟ ಹಾಕಿದರೆ ತಪ್ಪೇನು? ಏನೂ ಇಲ್ಲ. ಶುಭಾಶಯ ಹೇಳಿದರೂ ತಪ್ಪಿಲ್ಲ. ಊಟದ ಜೊತೆ ವೋಟಿನ ಮಾತು ಬಡಿಸಿದಾಗ ತಕರಾರು ಶುರು.

ಹಾಗಾದರೆ ನಾವು ಯಾಕೆ ಸುಮ್ಮನಿದ್ದೇವೆ? ಹಿರಿಯರು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸುತ್ತಾರೆ. ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಪೌಲ ಬರೆದಿದ್ದಾನೆ, ಸರಿ. ಪ್ರಸಂಗದ ಮೈಕ್ ಕೊಡಿ ಅಂತ ಎಲ್ಲಿ ಬರೆದಿದ್ದಾನೆ?

ನಿಜವಾದ ಕಾರಣ ಬೇರೆ. ನಿಜಾಮರ ಕಾಲದಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಬೀದರಿಗೆ ಬಂದರು, ಶಾಲೆ ಆಸ್ಪತ್ರೆ ಕಟ್ಟಿದರು. ಅವರ ಸಭೆಗಳಿಗೆ ಸೇರಿದವರು ಬಹುಪಾಲು ದಲಿತ ಓಣಿಗಳ ಜನ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸೌಲಭ್ಯವನ್ನು ಹಿಂದೂಗಳಿಗೆ ಮಾತ್ರ ಇಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇವತ್ತಿಗೂ ಹೊರಗೆ. ಹೀಗಾಗಿ ಮಗನ ಜಾತಿ ಪ್ರಮಾಣಪತ್ರ ನೆನಪಾದರೆ ಎಷ್ಟೋ ಮನೆಗಳಲ್ಲಿ ದನಿ ತಗ್ಗುತ್ತದೆ. ಅವರನ್ನು ಹೇಡಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮೇಲಿಂದ ಸಮುದಾಯ ಭವನದ ಅನುದಾನ, ಕಾಂಪೌಂಡ್ ಗೋಡೆ, ಸ್ಮಶಾನದ ಜಾಗ. ಎಲ್ಲದಕ್ಕೂ ಅದೇ ನಾಯಕರ ಸಹಿ ಬೇಕು.

ಅದಕ್ಕೇ ನನಗನ್ನಿಸುವುದು, ದೆಹಲಿಗೆ ಹೇಳಿಕೆ ಕಳಿಸುವ ಮೊದಲು ನಮ್ಮ ಮೈಕ್ ನಾವು ಇಟ್ಟುಕೊಳ್ಳಬೇಕು. ಬನ್ನಿ, ಎಲ್ಲರ ಜೊತೆ ಬೆಂಚಿನ ಮೇಲೆ ಕೂಡಿ, ಶಂಕರಪಾಳಿ ತಿನ್ನಿ. ಭಾಷಣ ಬೇಡ. ಆಳುವವರಿಗೂ ಇದೇ, ವಿರೋಧ ಪಕ್ಷಕ್ಕೂ ಇದೇ. ತಾನೇ ಶಾಲು ಹೊದಿಸಿದ ಕೈ ನಾಳೆ ಬೆರಳು ತೋರಿಸುವುದು ಹೇಗೆ?

ಈ ಮಾತನ್ನು ಚರ್ಚ್ ಕಮಿಟಿಯ ಜನವರಿಯ ಸಭೆಯಲ್ಲಿ ಹೇಳಿದೆ. ಒಂದಷ್ಟು ಜನ ತಲೆ ಆಡಿಸಿದರು. ಬರೀ ಆಮಂತ್ರಣ ಕೊಡೋಣ, ವೇದಿಕೆ ಬೇಡ ಅಂತ ಪುಸ್ತಕದಲ್ಲಿ ಬರೆಯುವ ತನಕ ಬಂತು. ಆಗ ಖಜಾಂಚಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬರೀರಿ, ನನ್ನದೇನೂ ತಕರಾರಿಲ್ರೀ. ಗ್ವಾಡಿ ಕೆಲಸದ ಎರಡನೇ ಕಂತು ಇನ್ನಾ ಬಂದಿಲ್ಲ. ಅದನ್ನಷ್ಟು ನೆನಪಿಡ್ರಿ." ಬರೆಯುತ್ತಿದ್ದ ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿದರು. ವಿಷಯ ಮುಂದಿನ ಸಭೆಗೆ ಹೋಗಿದೆ.