ಮೇಯರ್ ತುರ್ತು ಪರಿಸ್ಥಿತಿ ಘೋಷಿಸಿದರೆ ಮಿಲಿಟರಿ ಬರುತ್ತಾ?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿ ಯಾವುದೋ ಊರಿನ ಮೇಯರ್ ಎಮರ್ಜೆನ್ಸಿ ಹಾಕಿದ್ದಾರೆ ಅಂತ ಆಗಾಗ ಟಿವಿಯಲ್ಲಿ ಬರುತ್ತದೆ. ಒಬ್ಬ ಮೇಯರ್‌ಗೆ ಅಷ್ಟು ಅಧಿಕಾರ ಇದೆಯಾ? ಹೇಗೆ ಘೋಷಿಸುತ್ತಾರೆ? ಮಿಲಿಟರಿ ಬರುತ್ತಾ?

ಉತ್ತರ: ಅಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಈ ಪ್ರಶ್ನೆ ಬರುತ್ತದೆ. ಜೋರು ಮಳೆ ಬಂದರೂ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವೇ ಇಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಯಾಕೆಂದರೆ ಕೇಳುವವರು ಹೆಚ್ಚಾಗಿ ಅಪ್ಪ-ಅಮ್ಮಂದಿರು. ರಾತ್ರಿಯೆಲ್ಲ ನಿದ್ದೆಗೆಟ್ಟು ಕೇಳುತ್ತಾರೆ.

ಮೊದಲು ಮಿಲಿಟರಿ ವಿಷಯ. ಮೇಯರ್ ಸಹಿ ಹಾಕಿದ ಮಾತ್ರಕ್ಕೆ ಮಿಲಿಟರಿ ಬರುವುದಿಲ್ಲ. ಮೇಯರ್ ಕೈಯಲ್ಲಿ ಸೈನ್ಯವೇ ಇಲ್ಲ. ರಾಜ್ಯದ ಮೀಸಲು ಸೈನ್ಯವಾದ ನ್ಯಾಷನಲ್ ಗಾರ್ಡ್ ಸಾಮಾನ್ಯವಾಗಿ ಇರುವುದು ಗವರ್ನರ್ ಕೈಯಲ್ಲಿ (ಅಲ್ಲಿ ಗವರ್ನರ್ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದಂತೆ). ಮೇಯರ್ ಬೇಕಾದರೆ ಕಳಿಸಿ ಅಂತ ಕೇಳಬಹುದು, ಅಷ್ಟೇ.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ತುರ್ತು ಪರಿಸ್ಥಿತಿ ಅಂದ ಕೂಡಲೇ ನಮಗೆ 1975ರ ಜೂನ್ 25 ನೆನಪಾಗುತ್ತದೆ. ಪತ್ರಿಕೆಗಳಿಗೆ ಸೆನ್ಸಾರ್, ವಿಚಾರಣೆಯಿಲ್ಲದೆ ಜೈಲು. ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದದ್ದೇ ನಮ್ಮ ಬೆಂಗಳೂರಿನಲ್ಲಿ. ಅದು ಸಂವಿಧಾನದ 352ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಇಡೀ ದೇಶಕ್ಕೆ ಹಾಕಿದ್ದು. ಮೇಯರ್ ಘೋಷಣೆ ಊರಿನ ಗಡಿ ದಾಟುವುದಿಲ್ಲ. ಕೋರ್ಟು ನಡೆಯುತ್ತದೆ, ಪತ್ರಿಕೆ ಬರುತ್ತದೆ, ಮೇಯರನ್ನು ಬೈದು ಬರೆಯುವವರು ಬರೆಯುತ್ತಲೇ ಇರುತ್ತಾರೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಬಳಸುತ್ತೇವೆ. ಗೊಂದಲ ಆಗುವುದು ಅಲ್ಲೇ.

ನಂಬಿಕೆ ಬರದಿದ್ದರೆ ಸ್ಯಾನ್ ಫ್ರಾನ್ಸಿಸ್ಕೋ ನೋಡಿ. 2020ರ ಫೆಬ್ರವರಿ 25ರಂದು ಮೇಯರ್ ಲಂಡನ್ ಬ್ರೀಡ್ ಕೊರೊನಾ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಿಸಿದರು. ಆಗ ಊರಿನ ನಿವಾಸಿಗಳಲ್ಲಿ ಒಂದೇ ಒಂದು ಕೇಸೂ ಪತ್ತೆಯಾಗಿರಲಿಲ್ಲ. ಮರುದಿನ ಏನು ಮುಚ್ಚಿತು? ಏನೂ ಇಲ್ಲ. ಶಾಲೆ, ಹೋಟೆಲ್, ಆಫೀಸು ಎಲ್ಲ ಎಂದಿನಂತೆ ನಡೆದವು. ಮನೆಯಲ್ಲೇ ಇರಿ ಅನ್ನುವ ಆದೇಶ ಬಂದದ್ದು ಮಾರ್ಚ್ 16ಕ್ಕೆ. ಹೆಚ್ಚುಕಡಿಮೆ ಮೂರು ವಾರ ಕಳೆದ ಮೇಲೆ. ಹೊರಡಿಸಿದವರು ಆ ಭಾಗದ ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದಂತೆ) ಆರೋಗ್ಯಾಧಿಕಾರಿಗಳು. ಅವರಿಗೆ ಆ ಅಧಿಕಾರ ಕೊಟ್ಟ ಕಾನೂನೇ ಬೇರೆ.

ಇಷ್ಟು ಹೇಳಿದರೂ "ಲಾಸ್ ಏಂಜಲೀಸ್‌ನಲ್ಲಿ ಸೈನಿಕರು ಬಂದಿದ್ದರಲ್ಲ?" ಅಂತ ಕೇಳುತ್ತಾರೆ. ತಾರೀಖು ನೋಡಿ. 2025ರ ಜೂನ್‌ನಲ್ಲಿ ನ್ಯಾಷನಲ್ ಗಾರ್ಡನ್ನು ಕಳಿಸಿದ್ದು ಅಧ್ಯಕ್ಷ ಟ್ರಂಪ್. ಗವರ್ನರ್ ಬೇಡ ಅಂದರೂ ಕಳಿಸಿದರು. ಜೂನ್ 8ಕ್ಕೇ ಸೈನಿಕರು ಊರಿನಲ್ಲಿದ್ದರು. ಮೇಯರ್ ಕರೆನ್ ಬಾಸ್ ತುರ್ತು ಪರಿಸ್ಥಿತಿ ಘೋಷಿಸಿದ್ದು ಜೂನ್ 10ಕ್ಕೆ! ಅದರ ಜೊತೆ ಹಾಕಿದ ಕರ್ಫ್ಯೂ ಡೌನ್‌ಟೌನ್‌ನ ಸುಮಾರು ಒಂದು ಚದರ ಮೈಲಿಗೆ, ರಾತ್ರಿ 8ರಿಂದ ಬೆಳಗ್ಗೆ 6ರವರೆಗೆ. ಆ ಊರು ಇರುವುದು ಸುಮಾರು 470 ಚದರ ಮೈಲಿ. ಅಲ್ಲೇ ವಾಸ ಇದ್ದವರಿಗೆ, ಕೆಲಸಕ್ಕೆ ಹೋಗಿಬರುವವರಿಗೆ ವಿನಾಯಿತಿ ಇತ್ತು. ವಾರದಲ್ಲಿ ಕರ್ಫ್ಯೂ ತೆಗೆದರು.

ಇನ್ನು ಘೋಷಿಸುವುದು ಹೇಗೆ ಅನ್ನುವುದು. ಕ್ಯಾಲಿಫೋರ್ನಿಯಾದಲ್ಲಿ 1970ರ ತುರ್ತು ಸೇವೆಗಳ ಕಾಯ್ದೆ ಇದೆ. ಅದರ ಪ್ರಕಾರ ಘೋಷಿಸುವ ಅಧಿಕಾರ ಊರಿನ ಚುನಾಯಿತ ಕೌನ್ಸಿಲ್‌ಗೆ, ಅಥವಾ ಕೌನ್ಸಿಲ್ ಮೊದಲೇ ನಿಯಮ ಮಾಡಿ ಹೆಸರಿಸಿದ ಅಧಿಕಾರಿಗೆ. ಆ ಅಧಿಕಾರಿ ಮೇಯರೇ ಆಗಬೇಕು ಅಂತಿಲ್ಲ. ನಮ್ಮವರು ಜಾಸ್ತಿ ಇರುವ ಸ್ಯಾನ್ ಹೋಸೆಯಲ್ಲಿ ಈ ಕೆಲಸ ಸಿಟಿ ಮ್ಯಾನೇಜರ್‌ದು. ಅವರು ನೇಮಕವಾದ ಅಧಿಕಾರಿ, ನಮ್ಮ ಪಾಲಿಕೆ ಕಮಿಷನರ್ ಇದ್ದಂತೆ.

ಘೋಷಣೆ ಅಂದರೆ ಮೈಕ್ ಮುಂದೆ ನಿಂತು ಹೇಳುವುದಷ್ಟೇ ಅಲ್ಲ. ಅದೊಂದು ಕಾಗದ. ಶುರುವಿನ ಪ್ಯಾರಾಗಳೆಲ್ಲ "ಹೀಗಿರುವಾಗ" ಅನ್ನುವ ಧಾಟಿಯಲ್ಲಿ ಕಾರಣ ಹೇಳುತ್ತವೆ. ಇಂಥ ದಿನದಿಂದ ಮಳೆ ಸುರಿಯುತ್ತಿದೆ, ಇಂಥ ರಸ್ತೆ ಕುಸಿದಿದೆ, ನಮ್ಮ ಸಿಬ್ಬಂದಿ, ನಮ್ಮ ಸಾಮಾನು ಇದಕ್ಕೆ ಸಾಲದು. ಈ ಕೊನೆಯ ಮಾತು ಬಹಳ ಮುಖ್ಯ. ನಮ್ಮ ಕೈಮೀರಿದೆ ಅಂತ ಬರೆದು ತೋರಿಸಲೇಬೇಕು. ಆಮೇಲೆ "ಆದ್ದರಿಂದ ಘೋಷಿಸುತ್ತೇನೆ", ಕೆಳಗೆ ಸಹಿ, ತಾರೀಖು.

ಸಹಿ ಬಿದ್ದ ಮೇಲೆ 7 ದಿನ ಟೈಮು. ಅಷ್ಟರೊಳಗೆ ಕೌನ್ಸಿಲ್ ಒಪ್ಪಬೇಕು. ಒಪ್ಪದಿದ್ದರೆ ಘೋಷಣೆ ಬಿದ್ದುಹೋಗುತ್ತದೆ. ಬ್ರೀಡ್ ಅವರ ಘೋಷಣೆಗೆ ಸೂಪರ್‌ವೈಸರ್‌ಗಳ ಮಂಡಳಿ (ಸ್ಯಾನ್ ಫ್ರಾನ್ಸಿಸ್ಕೋದ ಕೌನ್ಸಿಲ್‌ಗೆ ಅದೇ ಹೆಸರು) ಒಪ್ಪಿಗೆ ಕೊಟ್ಟದ್ದು ಮಾರ್ಚ್ 3ಕ್ಕೆ, ಸರಿಯಾಗಿ ಏಳನೇ ದಿನ. ಒಪ್ಪಿದ ಮೇಲೂ 60 ದಿನಕ್ಕೊಮ್ಮೆಯಾದರೂ ಇನ್ನೂ ಬೇಕಾ ಅಂತ ನೋಡಬೇಕು.

ಹಾಗಾದರೆ ಇದರಿಂದ ಏನು ಉಪಯೋಗ? ಮುಖ್ಯವಾಗಿ ದುಡ್ಡು ಮತ್ತು ವೇಗ. ಗುಡ್ಡ ಕುಸಿದು ರಸ್ತೆ ಮುಚ್ಚಿತು ಅನ್ನಿ. ಬೇರೆ ದಿನ ಆದರೆ ಟೆಂಡರ್ ಕರೆದು ವಾರಗಟ್ಟಲೆ ಕಾಯಬೇಕು. ಘೋಷಣೆಯಾದರೆ ಅದೇ ರಾತ್ರಿ ಗುತ್ತಿಗೆದಾರರಿಗೆ ಫೋನ್ ಮಾಡಿ ಮಣ್ಣು ತೆಗೆಯುವ ಯಂತ್ರ ತರಿಸಬಹುದು. ಯಂತ್ರದ ಬಾಡಿಗೆ, ಕೆಲಸದವರ ಓವರ್‌ಟೈಮ್, ಎಲ್ಲದಕ್ಕೂ ರಸೀದಿ ಇಡುತ್ತಾರೆ. ರಾಜ್ಯದ ಪರಿಹಾರ ಬೇಕಾದರೆ ಅನಾಹುತವಾದ 10 ದಿನದೊಳಗೆ ಘೋಷಣೆ ಆಗಿರಬೇಕು. ಊರು ಗವರ್ನರನ್ನು ಕೇಳುತ್ತದೆ, ಗವರ್ನರ್ ಅಧ್ಯಕ್ಷರನ್ನು ಕೇಳುತ್ತಾರೆ. ಅಧ್ಯಕ್ಷರು ಅದನ್ನು ದೊಡ್ಡ ವಿಪತ್ತು ಅಂತ ಒಪ್ಪಿದರೆ, ನಿಯಮಕ್ಕೆ ಹೊಂದುವ ಖರ್ಚಿನಲ್ಲಿ ಕನಿಷ್ಠ 75% ಕೇಂದ್ರದಿಂದ ವಾಪಸ್ ಬರುತ್ತದೆ.

ನಿಮ್ಮ ಮಗಳಿಗೂ ಇದರಿಂದ ಒಂದು ರಕ್ಷಣೆ ಇದೆ. ಘೋಷಣೆಯಾದ ಮೇಲೆ 30 ದಿನ ಅಲ್ಲಿ ಊಟದ ಸಾಮಾನು, ಪೆಟ್ರೋಲ್, ಹೋಟೆಲ್ ರೂಮು, ಇಂಥವುಗಳ ಬೆಲೆಯನ್ನು ಸುಮ್ಮನೆ 10%ಗಿಂತ ಜಾಸ್ತಿ ಏರಿಸುವುದು ಅಪರಾಧ.

ಇಷ್ಟೆಲ್ಲ ಓದಿದ ಮೇಲೆ ಬೆಂಗಳೂರಿನ ಮೇಯರ್ ಹೀಗೆ ಘೋಷಿಸಬಹುದಾ ಅಂತ ಅನಿಸಬೇಕಲ್ವಾ? ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಆಗುವುದಿಲ್ಲ. ನಮ್ಮಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲೆಯ ವಿಪತ್ತು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಟೆಂಡರ್ ಇಲ್ಲದೆ ತುರ್ತಾಗಿ ಖರೀದಿ ಮಾಡಲು ಅದೇ ಕಾಯ್ದೆಯ 50ನೇ ಸೆಕ್ಷನ್ ದಾರಿ ಕೊಡುತ್ತದೆ. ಆ ದಾರಿ ಇರುವುದು ಅಧಿಕಾರಿಗಳಿಗೆ. ನಾವು ಓಟು ಹಾಕಿ ಕಳಿಸಿದ ಕಾರ್ಪೊರೇಟರ್‌ಗಳ ಮುಂದೆ 7 ದಿನದಲ್ಲಿ ಒಪ್ಪಿಗೆಗೆ ಇಡಬೇಕು ಅನ್ನುವ ನಿಯಮ ಅದರಲ್ಲಿಲ್ಲ. ನನಗೆ ಕೊರತೆ ಅನಿಸುವುದು ಅದೇ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗ ಊರಿಗೆ ಮೇಯರೂ ಇರಲಿಲ್ಲ, ಕಾರ್ಪೊರೇಟರೂ ಇರಲಿಲ್ಲ. ಅವರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು.

ಹಾಗಾಗಿ ನಿಮ್ಮ ಮನೆಗೇ ನೀರು ನುಗ್ಗಿದರೆ ಯಾರ ಘೋಷಣೆಗೂ ಕಾಯಬೇಡಿ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077.