ಗ್ರಹಣ ಹಿಡಿದಾಗ ಉಪವಾಸ ಯಾರಿಗೆ?

ಗ್ರಹಣ ಬಂತೆಂದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಪಂಚಾಂಗ ನೋಡಿ ಎಷ್ಟಕ್ಕೆ ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂದು ನಿಮಿಷದ ತನಕ ಹೇಳುತ್ತಾರೆ. ಅದೇ ಬಾಯಲ್ಲಿ ನೀರಿಗೆ ದರ್ಭೆ ಹಾಕು, ಒನಕೆ ನಿಲ್ಲಿಸು, ಕಾಯಿಪಲ್ಲೆ ಹೆಚ್ಚಬೇಡ, ಬಸುರಿಯನ್ನು ಹೊರಗೆ ಬಿಡಬೇಡ ಎನ್ನುತ್ತಾರೆ. ಮೊದಲನೆಯದು ಪಕ್ಕಾ ಗಣಿತ, ಎರಡನೆಯದು ಪಕ್ಕಾ ನಂಬಿಕೆ. ಓದಿದವರು ನಗುತ್ತಾರೆ. ನಗಲಿ ಬಿಡಿ, ಆದರೆ ಇವೆರಡೂ ಒಂದೇ ತಲೆಯಲ್ಲಿ ಕೂತಿರುವುದು ನಿನ್ನೆ ಮೊನ್ನೆಯಿಂದಲ್ಲ, ಸಾವಿರ ವರ್ಷಕ್ಕೂ ಹಿಂದಿನಿಂದ. ಅದೂ ನಮ್ಮ ಊರುಗಳ ಸುತ್ತಲೇ.

ಪಟ್ಟದಕಲ್ಲಿಗೆ ಹೋದರೆ ಗುಡಿಗಳ ನಡುವೆ ಒಂದು ಶಾಸನದ ಕಂಬ ಸಿಗುತ್ತದೆ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕಾಲದ್ದು, ಬರಹ ಎರಡು ಲಿಪಿಯಲ್ಲಿದೆ. ಗಂಗೆಯ ದಡದ ಕಡೆಯಿಂದ ಬಂದ ಜ್ಞಾನಶಿವ ಎಂಬ ಆಚಾರ್ಯರು ನಿಲ್ಲಿಸಿದ ಕಂಬ ಅದು. ಅದರಲ್ಲಿ ಸೂರ್ಯಗ್ರಹಣದ ಮಾತಿದೆ. ಆ ಗ್ರಹಣ 754ರ ಜೂನ್ 25ರದ್ದು ಎಂದು ವಿದ್ವಾಂಸರು ಲೆಕ್ಕ ಹಾಕಿ ಹೇಳಿದ್ದಾರೆ. ಗ್ರಹಣದ ದಿನ ದಾನ ಕೊಟ್ಟರೆ ಪುಣ್ಯ ಜಾಸ್ತಿ ಎಂಬ ನಂಬಿಕೆ ಇತ್ತಲ್ಲ, ಅದರಿಂದಲೇ ಕನ್ನಡ ನಾಡಿನ ಎಷ್ಟೋ ದಾನಶಾಸನಗಳಲ್ಲಿ ಗ್ರಹಣದ ಹೆಸರು ಬರುತ್ತದೆ. ತಮಾಷೆ ನೋಡಿ: ಆ ನಂಬಿಕೆ ಇರದಿದ್ದರೆ ಕಲ್ಲಿನಲ್ಲಿ ಗ್ರಹಣ ಬರೆಯುತ್ತಿರಲಿಲ್ಲ, ಬರೆಯದಿದ್ದರೆ ಇವತ್ತಿನ ಇತಿಹಾಸಕಾರರು ಖಗೋಳದ ಲೆಕ್ಕದಿಂದ ಹಿಂದಕ್ಕೆ ಹೋಗಿ ಇಷ್ಟು ಖಚಿತವಾಗಿ ತಾರೀಖು ಹಿಡಿಯಲು ಆಗುತ್ತಿರಲಿಲ್ಲ.

ಗ್ರಹಣ ಯಾಕೆ ಆಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಭೂಮಿಯ ನೆರಳು ಚಂದ್ರನ ಮೇಲೆ, ಚಂದ್ರ ಸೂರ್ಯನಿಗೆ ಅಡ್ಡ ಎಂದು ಆರ್ಯಭಟ 499ರಲ್ಲೇ ಬರೆದಿದ್ದ. ಅವನ ನಂತರ ಬಂದ ಬ್ರಹ್ಮಗುಪ್ತ, ರಾಹುವನ್ನು ಬಿಟ್ಟರೆ ಹೇಗೆ ಎಂದು ಜಗಳ ತೆಗೆದ. ಆದರೆ ಗ್ರಹಣದ ಲೆಕ್ಕ ಮಾಡುವಾಗ ಅವನೂ ನೆರಳನ್ನೇ ಹಿಡಿದ!

ನಮಗೆ ಇನ್ನೂ ಹತ್ತಿರದವನು ಭಾಸ್ಕರಾಚಾರ್ಯ. ಹುಟ್ಟಿದ್ದು 1114ರಲ್ಲಿ. ಅವನು ಹೇಳಿಕೊಂಡ ವಿಜ್ಜಡವಿಡ ಎಂಬ ಊರು ನಮ್ಮ ವಿಜಯಪುರವೇ ಎಂದು ನಾವು, ಅಲ್ಲ ಚಾಳೀಸಗಾಂವ್ ಹತ್ತಿರದ್ದು ಎಂದು ಮಹಾರಾಷ್ಟ್ರದವರು. ಇರಲಿ. 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಅವನು ಒಂದು ಚಂದದ ಮಾತು ಹೇಳುತ್ತಾನೆ. ಅರ್ಧ ಹಿಡಿದ ಚಂದ್ರನ ಕೊಂಬುಗಳು, ಅಂದರೆ ಉಳಿದ ಬೆಳಕಿನ ಎರಡು ತುದಿಗಳು, ಮೊಂಡಾಗಿರುತ್ತವೆ, ಅರ್ಧ ಹಿಡಿದ ಸೂರ್ಯನ ಕೊಂಬುಗಳು ಚೂಪು. ಅಂದರೆ ಚಂದ್ರನನ್ನು ಮುಚ್ಚುವುದು ದೊಡ್ಡದು, ಸೂರ್ಯನನ್ನು ಮುಚ್ಚುವುದು ಸಣ್ಣದು. ಒಂದು ಗ್ರಹಣ ಪೂರ್ವದ ಅಂಚಿನಿಂದ ಶುರುವಾದರೆ ಇನ್ನೊಂದು ಪಶ್ಚಿಮದ ಅಂಚಿನಿಂದ. ಎರಡನ್ನೂ ನುಂಗುವವನು ಒಬ್ಬನೇ ರಾಹು ಆಗಿದ್ದರೆ ಹೀಗೇಕೆ? ಸುಮ್ನೆ ಕಣ್ಣು ಬಿಟ್ಟು ನೋಡಿದವನ ವಾದ ಇದು, ಇದಕ್ಕೆ ಯಂತ್ರವೇನೂ ಬೇಡ.

ಆದರೆ ಇಷ್ಟು ಹೇಳಿದವನು ಅಲ್ಲಿಗೆ ಬಿಡಲಿಲ್ಲ. ಬ್ರಹ್ಮನ ವರದಿಂದ ರಾಹುವೇ ಆ ನೆರಳಿನ ಒಳಗೆ ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ ಎಂದು ಪುರಾಣಕ್ಕೂ ಒಂದು ಜಾಗ ಮಾಡಿಕೊಟ್ಟ. ಅಂಜಿ ಬರೆದನೋ, ನಂಬಿಯೇ ಬರೆದನೋ, ಊರವರ ಜೊತೆ ಜಗಳ ಯಾಕೆ ಅಂದುಕೊಂಡನೋ. ನನ್ನ ಅಂದಾಜು ಕೊನೆಯದು. ಲೆಕ್ಕದಲ್ಲಿ ರಾಹು ಎಂದರೆ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಾಟುವ ಒಂದು ಬಿಂದು, ಅಷ್ಟೇ. ಕತೆಯಲ್ಲಿ ಅವನು ರಾಕ್ಷಸ. ಪಂಚಾಂಗದವರು ಇವತ್ತಿಗೂ ಅದೇ ಒಪ್ಪಂದದ ಮೇಲೆ ಸಂಸಾರ ಮಾಡುತ್ತಿದ್ದಾರೆ.

ಅದೇ ಶತಮಾನದಲ್ಲಿ, ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ ಇದನ್ನು ಬೇರೆಯೇ ಕಡೆಯಿಂದ ಹಿಡಿದರು. ಅವರಿಗೆ ಗ್ರಹಗತಿಯ ಗಣಿತ ಬೇಕಿರಲಿಲ್ಲ. ನಮ್ಮವರು ಬಂದು ಕೇಳಿದರೆ ಲಗ್ನ ಶುಭ ಎನ್ನಿ, ಚಂದ್ರಬಲ ತಾರಾಬಲ ಇದೆ ಎನ್ನಿ, ನಾಳೆಗಿಂತ ಇವತ್ತೇ ಲೇಸು ಎನ್ನಿ ಎಂಬ ಅರ್ಥದ ವಚನ ಅವರದ್ದು. ನನಗೆ ಇಡೀ ಕತೆಯಲ್ಲಿ ತುಂಬ ಹಿಡಿಸುವುದು ಇದೇ. ಲೆಕ್ಕ ಗೊತ್ತಿದ್ದವನು ಭಯವನ್ನು ಇದ್ದಲ್ಲೇ ಬಿಟ್ಟ. ಭಯವನ್ನು ಓಡಿಸಲು ಹೊರಟವರು ದೇವರನ್ನು ಗಟ್ಟಿಯಾಗಿ ನಂಬಿದ ಮನುಷ್ಯ. ವಿಜ್ಞಾನ ಬಂದರೆ ಮೂಢನಂಬಿಕೆ ತಾನಾಗಿಯೇ ಹೋಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಅದು ಅಷ್ಟು ಸರಳ ಅಲ್ಲ.

1868ರ ಆಗಸ್ಟ್ 18ಕ್ಕೆ ಬನ್ನಿ. ಬೆನಕನ ಅಮಾವಾಸ್ಯೆ. ಅವತ್ತು ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಜಿಲ್ಲೆಗಳ ಮೇಲೆಯೇ ಹಾದುಹೋಯಿತು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಶೆಲ್ ಅವರ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಶೆಲ್, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ, ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ಉಪಕರಣ ಇಟ್ಟುಕೊಂಡು ಪಟವರ್ಧನರ ಜಮಖಂಡಿಯಲ್ಲಿ ಕಾದಿದ್ದ. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್. ಮಳೆಗಾಲ, ಮೋಡ. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲಿ ಹರ್ಶೆಲ್‌ಗೆ ಸೂರ್ಯನ ಅಂಚಿನ ಕೆಂಪು ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆ ಕಂಡವು. ಹೀಗೆ ಬಿಡಿ ಬಿಡಿ ಗೆರೆ ಕೊಡುವುದು ಕಾದು ಹೊಳೆಯುವ ಅನಿಲ, ಹಾಗಾಗಿ ಜ್ವಾಲೆ ಅಂದರೆ ಅಂಥ ಅನಿಲವೇ ಎಂದು ಅದರಿಂದ ತಿಳಿಯಿತು. ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಮರುದಿನವೇ ಗ್ರಹಣ ಇಲ್ಲದೆಯೂ ಆ ಗೆರೆಗಳನ್ನು ಕಂಡ. ಆ ಕಿತ್ತಳೆ ಗೆರೆ ಸೋಡಿಯಂದು ಎಂದೇ ಮೊದಲು ಅಂದುಕೊಂಡಿದ್ದರು. ಅದು ಹೀಲಿಯಂ ಎಂಬ ಹೊಸ ಧಾತುವಿನದ್ದು, ಮತ್ತು ಆ ಧಾತು ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ, ರಾಮ್ಸೆ ಎಂಬ ರಸಾಯನ ವಿಜ್ಞಾನಿಗೆ. ಜಮಖಂಡಿಯವರು ಗ್ರಹಣದ ವಿಷಯ ಬಂದಾಗ ಇದನ್ನು ಒಮ್ಮೆಯಾದರೂ ಹೇಳಿಕೊಳ್ಳಬೇಕು, ಅಲ್ವಾ?

ಆಮೇಲೆ 1980ರ ಫೆಬ್ರುವರಿ 16. ಅಂಕೋಲಾ ಕಡೆಯಿಂದ ಹುಬ್ಬಳ್ಳಿ, ರಾಯಚೂರು ದಾಟಿ ನೆರಳು ಹೋಯಿತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ಕೂತಿದ್ದರೆ ಜನ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದರು. ಇವತ್ತು ಬಾಗಿಲು ಹಾಕಿದರೂ ಟಿವಿ ಇದೆ. ಗ್ರಹಣದ ನೇರ ಪ್ರಸಾರದ ಪಕ್ಕದಲ್ಲೇ ರಾಶಿಫಲ, ಮಧ್ಯೆ ನಿಂತ ಒನಕೆ. ಬುಡ ಸಪಾಟಾಗಿದ್ದರೆ ಒನಕೆ ಯಾವತ್ತು ಬೇಕಾದರೂ ನಿಲ್ಲುತ್ತದೆ. ಗ್ರಹಣ ಇಲ್ಲದ ದಿನ ನಿಲ್ಲಿಸಿ ನೋಡುವ ಉಮೇದು ಯಾರಿಗೂ ಬರುವುದಿಲ್ಲ, ಅಷ್ಟೇ.

ಒನಕೆಯಿಂದ ಯಾರಿಗೂ ನೋವಿಲ್ಲ. ತಾನೇ ಉಪವಾಸ ಮಾಡಿ ಗ್ರಹಣ ಬಿಟ್ಟ ಮೇಲೆ ಕೃಷ್ಣೆಯಲ್ಲಿ ಮುಳುಗು ಹಾಕುವವರಿಂದಲೂ ಇಲ್ಲ. ಆದರೆ 2019ರ ಡಿಸೆಂಬರ್ 26ರಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು, ಗ್ರಹಣದ ಹೊತ್ತಿಗೆ ಗುಣವಾಗುತ್ತದೆ ಎಂದು. ಆ ತಂದೆ ತಾಯಿ ಕ್ರೂರಿಗಳೇನಲ್ಲ. ಬೇರೆ ಎಲ್ಲೂ ಸಿಗದ ಆಸೆ ಅವರಿಗೆ ಅಲ್ಲಿ ಸಿಕ್ಕಿತ್ತು. ಹಾಗಂತ ಮಗುವಿನ ಮೈ ಮೇಲಿನ ಮಣ್ಣು ಹಗುರಾಗುವುದಿಲ್ಲ. ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯದ ಕಾನೂನು 2017ರಲ್ಲೇ ಆಗಿತ್ತು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಜ್ಯೋತಿಷ್ಯ, ವಾಸ್ತು ಹೇಳುವುದನ್ನು ಆ ಕಾನೂನು ಮುಟ್ಟುವುದಿಲ್ಲ. ನನ್ನ ಪ್ರಕಾರ ಅದು ಸರಿಯಾದ ಗೆರೆಯೇ, ನಂಬಿಕೆಗೆ ಪೊಲೀಸರನ್ನು ಕಳಿಸಲಾಗದು.

ಪೊಲೀಸರು ಹೋಗದ ಜಾಗ ಎಂದರೆ ಮನೆ. ಮಗುವಿಗೆ ತುಟಿ ಸೀಳಿದ್ದರೆ ಇವತ್ತಿಗೂ ತಾಯಿಗೆ ಕೇಳುವ ಮೊದಲ ಪ್ರಶ್ನೆ, ಗ್ರಹಣದಾಗ ಹೊರಗ ಬಂದಿದ್ದೇನವ್ವ, ಚಾಕು ಹಿಡಿದಿದ್ದೇನು? ತುಟಿ, ಅಂಗುಳ ಕೂಡಿಕೊಳ್ಳುವುದು ಬಸುರಿನ ಮೊದಲ ಎರಡು ಮೂರು ತಿಂಗಳೊಳಗೆ. ಕೂಡದಿರಲು ವಂಶದ ಗುಣ, ಸಕ್ಕರೆ ಕಾಯಿಲೆ, ಧೂಮಪಾನ, ಕೆಲವು ಔಷಧಿ ಹೀಗೆ ಹಲವು ಕಾರಣ ಸೇರಿರುತ್ತವೆ, ಆಪರೇಷನ್ ಮಾಡಿ ಸರಿಪಡಿಸಲೂ ಆಗುತ್ತದೆ. ತಾಯಿಯ ಮೇಲೆ ಹೊರಿಸಿದ ತಪ್ಪಿಗೆ ಆಪರೇಷನ್ ಇಲ್ಲ. ಗ್ರಹಣಕ್ಕೆ ಮುಂಚಿನ ಊಟ ಬಿಡುವ ಹೊತ್ತನ್ನು ಹೇಳುವಾಗ ಮಕ್ಕಳು, ಮುದುಕರು, ರೋಗಿಗಳು, ಬಸುರಿಯರಿಗೆ ರಿಯಾಯಿತಿ ಎಂದು ಪಂಚಾಂಗಗಳೇ ಅಚ್ಚು ಹಾಕುತ್ತವೆ. ವೇಳೆ ಬರೆದ ಸಾಲನ್ನು ಓದುವ ಅತ್ತೆ ಮಾವಂದಿರು ಅದರ ಕೆಳಗಿನ ಸಾಲನ್ನೂ ಓದಿದರೆ ಎಷ್ಟೋ ಹೆಣ್ಣುಮಕ್ಕಳಿಗೆ ಒಂದು ಲೋಟ ನೀರು ಸಿಕ್ಕೀತು.

ಮುಂದೆ 2027ರ ಆಗಸ್ಟ್ 2, ಸೋಮವಾರ, ನಾಗರ ಅಮಾವಾಸ್ಯೆ. ಖಗ್ರಾಸ ಕಾಣುವುದು ಈಜಿಪ್ಟ್ ಕಡೆ, ನಮಗೆ ಸಂಜೆ ಪಾರ್ಶ್ವ ಗ್ರಹಣ. ಮೋಡ ಇಲ್ಲದಿದ್ದರೆ ಭಾಸ್ಕರ ಹೇಳಿದ ಚೂಪು ಕೊಂಬನ್ನು ಹುಡುಕಿ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು ಬೇಡ, ಕಣ್ಣು ಹಾಳಾಗುತ್ತದೆ. ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಸಿಲು ಆ ತೂತಿನಿಂದ ಬಿಳಿ ಗೋಡೆಗೆ ಬೀಳುವ ಹಾಗೆ ಹಿಡಿಯಿರಿ.